ಬೆಣ್ಣೆ ವಾಸನೆಯ ಲಾಗರ್‌ಗೆ ಎಷ್ಟು ಅಂಕ?

ಪ್ರಶ್ನೆ: ನಾನು ಲೀಡ್ಸ್‌ನಲ್ಲಿದ್ದೇನೆ. ಇಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರ ಬಳಗವೊಂದು ಬ್ರಿಟಿಷ್ ಕ್ರಾಫ್ಟ್ ಲಾಗರ್‌ಗಳ ಹೆಸರು ಮುಚ್ಚಿಟ್ಟು, ರುಚಿ ನೋಡಿ ಅಂಕ ಹಾಕುವ ಕೂಟ ನಡೆಸುತ್ತದೆ. ಕಳೆದ ಸಲ ಎಂಟರಲ್ಲಿ ನಾನು ಅತಿ ಹೆಚ್ಚು ಅಂಕ ಕೊಟ್ಟ ಬಿಯರ್‌ಗೆ ಉಳಿದವರೆಲ್ಲ ‘ಡಯಾಸಿಟೈಲ್’ ಎಂದು ಬರೆದು ಕೆಳಗೆ ತಳ್ಳಿದರು. ನನಗೆ ಅದು ಬಟರ್‌ಸ್ಕಾಚ್ ಥರ ಹಿತವಾಗಿತ್ತು. ಮಬ್ಬಾಗಿದ್ದ ಇನ್ನೊಂದು ಕೆಟ್ಟಿದೆ ಅಂದುಕೊಂಡೆ, ಅವರು ಅದನ್ನೇ ಮೆಚ್ಚಿದರು. ಮಿಕ್ಕವೆಲ್ಲ ನನ್ನ ನಾಲಿಗೆಗೆ ಒಂದೇ. ಬೆಂಗಳೂರಿನಲ್ಲಿದ್ದಾಗ ಕುಡಿದದ್ದು ಹಲ್ಲು ಜುಮ್ಮೆನ್ನುವಷ್ಟು ಚಿಲ್ಡ್ ಬಿಯರ್ ಮಾತ್ರ. ಲಾಗರನ್ನು ಸರಿಯಾಗಿ ಅಳೆಯುವುದು ಹೇಗೆ?

ಉತ್ತರ: ನಿಮ್ಮ ಮೂಗಿಗೆ ಏನೂ ಆಗಿಲ್ಲ. ಡಯಾಸಿಟೈಲ್ ಎಂದರೆ ಬಿಯರ್‌ಗೆ ಬೆಣ್ಣೆಯ ವಾಸನೆ ಕೊಡುವ ವಸ್ತು. ಆ ವಾಸನೆಯನ್ನು ನೀವೂ ಹಿಡಿದಿದ್ದೀರಿ, ಅವರೂ ಹಿಡಿದಿದ್ದಾರೆ. ಅದು ಆ ಬಿಯರ್‌ನಲ್ಲಿ ಇರಬೇಕಿತ್ತೇ ಎಂಬುದರಲ್ಲಷ್ಟೇ ನಿಮಗೂ ಅವರಿಗೂ ಭೇದ. ಆ ಮಾತಿಗೆ ಆಮೇಲೆ ಬರೋಣ. ಮೊದಲು ‘ಮಿಕ್ಕವೆಲ್ಲ ಒಂದೇ’ ಎಂಬ ತೊಂದರೆ ನೋಡೋಣ, ಅದಕ್ಕೆ ಮುಕ್ಕಾಲು ಪಾಲು ಕಾರಣ ಅತಿಯಾದ ತಂಪು.

3–4 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲಿಗೆ ಜಡವಾಗಿರುತ್ತದೆ, ವಾಸನೆಯ ಕಣಗಳು ದ್ರವ ಬಿಟ್ಟು ಮೇಲೇಳುವುದಿಲ್ಲ. ಅಷ್ಟು ತಣ್ಣಗಿದ್ದರೆ ಒಳ್ಳೆಯ ಲಾಗರೂ ಸಪ್ಪೆ, ಕೆಟ್ಟ ಲಾಗರೂ ಸಪ್ಪೆ. ಅಂಕ ಹಾಕುವುದಿದ್ದರೆ 6–7 ಡಿಗ್ರಿಯಲ್ಲಿ ಸುರಿದು, ಅದೇ ಗ್ಲಾಸನ್ನು 12 ಡಿಗ್ರಿಗೆ ಏರುವ ತನಕ ಬಿಟ್ಟು ಬಿಟ್ಟು ಮೂಸಿ. ಫ್ರಿಜ್‌ನಿಂದ ತೆಗೆದ 440 ಮಿಲಿ ಕ್ಯಾನನ್ನು ಸಾಮಾನ್ಯ ಕೋಣೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಇಟ್ಟರೆ ಹೆಚ್ಚುಕಡಿಮೆ ಆ ಹದಕ್ಕೆ ಬರುತ್ತದೆ. ಅಡುಗೆಯ ಥರ್ಮಾಮೀಟರ್ ಇದ್ದರೆ ಒಮ್ಮೆ ಇಳಿಬಿಟ್ಟು ನೋಡಿಕೊಳ್ಳಿ, ಅಂದಾಜು ಬೇಡ. ಮೊದಲ ಗುಟುಕಿಗೇ ಅಂಕ ಬರೆದು ಮುಂದಿನ ಗ್ಲಾಸಿಗೆ ಹೋಗುವವರು ಬಿಯರ್‌ನ ಅರ್ಧವನ್ನಷ್ಟೇ ನೋಡಿರುತ್ತಾರೆ. ಲಾಗರ್‌ನ ಹುಳುಕು ಹೊರಬೀಳುವುದು ಕೊನೆಯ ಕಾಲು ಗ್ಲಾಸಿನಲ್ಲಿ.

ಎರಡನೆಯದು, ಅಳತೆಗೋಲು. ‘ಲಾಗರ್’ ಎಂಬುದು ಒಂದೇ ಬಿಯರ್‌ನ ಹೆಸರಲ್ಲ. ಬಾಟಮ್ ಯೀಸ್ಟ್ (ತೊಟ್ಟಿಯ ತಳಕ್ಕಿಳಿಯುವ ಯೀಸ್ಟ್) ಹಾಕಿ 8ರಿಂದ 13 ಡಿಗ್ರಿಯಲ್ಲಿ ಹುದುಗಿಸಿ, ಆಮೇಲೆ ಸೊನ್ನೆಯ ಆಸುಪಾಸಿನಲ್ಲಿ ವಾರಗಟ್ಟಲೆ ತಣ್ಣಗೆ ಮಲಗಿಸಿಟ್ಟ ಎಲ್ಲಕ್ಕೂ ಅದೇ ಹೆಸರು. ನಿಮ್ಮ ಕೂಟದಲ್ಲಿ ಬಂದಿರಬಹುದಾದವು ಮೂರು ಜಾತಿ. ಮ್ಯೂನಿಕ್‌ನ ಹೆಲ್ಲೆಸ್: ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಮುಂದೆ, ಹಾಪ್ಸ್ (ಕಹಿ ಕೊಡುವ ಹೂವು) ಹಿಂದೆ, ಕಹಿ 16–22 ಐಬಿಯು (ಬಿಯರ್‌ನ ಕಹಿ ಅಳೆಯುವ ಮಾನ). ಜರ್ಮನ್ ಪಿಲ್ಸ್: ಒಣ ಮುಕ್ತಾಯ, 22–40. ಚೆಕ್ ಮಾದರಿಯ ಪಿಲ್ಸ್ನರ್: ಮೈತುಂಬಿಕೊಂಡ ಮಾಲ್ಟ್, ಅದಕ್ಕೆ ತಕ್ಕಂತೆ 30–45ರ ಕಹಿ. ಇವು ಬಿಯರ್ ಸ್ಪರ್ಧೆಗಳ ತೀರ್ಪುಗಾರರು ಹೆಚ್ಚಾಗಿ ಬಳಸುವ ಬಿಜೆಸಿಪಿ ಕೈಪಿಡಿಯ ಅಂಕಿಗಳು. ಬ್ರಿಟನ್ನಿನ ಬ್ರೂವರಿಗಳು ಈ ಗೆರೆಗಳ ಮಧ್ಯೆ ಆರಾಮಾಗಿ ಓಡಾಡುತ್ತವೆ. ಲಂಡನ್ನಿನ ಕ್ಯಾಮ್ಡನ್ ಟೌನ್‌ನವರ ‘ಹೆಲ್ಸ್’ ಹೆಸರೇ ಹೆಲ್ಲೆಸ್ ಮತ್ತು ಪಿಲ್ಸ್ ಬೆರೆಸಿದ್ದು, 4.6% ಆಲ್ಕೋಹಾಲ್. ಬ್ರಿಸ್ಟಲ್‌ನ ಲಾಸ್ಟ್ ಅಂಡ್ ಗ್ರೌಂಡೆಡ್‌ನವರ ಕೆಲ್ಲರ್ ಪಿಲ್ಸ್ 4.8%, ಸೋಸದೆ ತುಂಬಿಸಿದ್ದು. ಡೆವನ್‌ನ ಯುಟೋಪಿಯನ್ ಬ್ರಿಟನ್ನಿನಲ್ಲೇ ಬೆಳೆದ ಬಾರ್ಲಿ, ಹಾಪ್ಸ್ ಮಾತ್ರ ಬಳಸುತ್ತದೆ. ಸ್ಕಾಟ್ಲೆಂಡಿನ ಹಾರ್ವಿಸ್ಟನ್ ಅಂತೂ ‘ಶಿಹಾಲಿಯನ್’ ಲಾಗರನ್ನು ಏಲ್ (ಬೆಚ್ಚಗೆ ಹುದುಗಿಸುವ ಬಿಯರ್) ಥರ ಕಾಸ್ಕ್ ಎಂಬ ಪೀಪಾಯಿಯಲ್ಲೂ ಕೊಡುತ್ತದೆ. ಆದ್ದರಿಂದ ಕೂಟ ನಡೆಸುವವರ ಬಳಿ ಒಂದೇ ಒಂದು ವಿವರ ಕೇಳಿ ಪಡೆಯಿರಿ: ಹೆಸರು ಬೇಡ, ಜಾತಿ ಸಾಕು. ಅದು ಗೊತ್ತಿಲ್ಲದೆ ಹಾಕಿದ ಅಂಕ ನಿಮ್ಮ ಇಷ್ಟಾನಿಷ್ಟದ ಪಟ್ಟಿಯಾಗುತ್ತದೆ, ತೀರ್ಪಾಗುವುದಿಲ್ಲ. ಅಂದಹಾಗೆ ‘ಕ್ರಾಫ್ಟ್’ ಎಂಬ ಪದಕ್ಕೆ ಬ್ರಿಟನ್ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ. ಅದಕ್ಕೆ ಅಂಕವೂ ಇಲ್ಲ.

‘ಜರ್ಮನಿಯ ಕೋಲಿನಲ್ಲಿ ಬ್ರಿಟಿಷ್ ಬಿಯರ್ ಅಳೆಯುವುದೇಕೆ’ ಎಂದು ಆ ಕೂಟದಲ್ಲಿ ಯಾರಾದರೂ ತಕರಾರು ತೆಗೆದರೆ ಒಂದು ಮಾತು ನೆನಪಿಡಿ. 1842ರಲ್ಲಿ ಈಗಿನ ಚೆಕ್ ದೇಶದ ಪ್ಲೆಜೆನ್‌ನಲ್ಲಿ ಯೋಸೆಫ್ ಗ್ರೋಲ್ ಮೊದಲ ಹೊಂಬಣ್ಣದ ಪಿಲ್ಸ್ನರ್ ಇಳಿಸಿದ್ದು ಇಂಗ್ಲಿಷ್ ಪದ್ಧತಿಯಲ್ಲಿ, ಹೊಗೆ ತಾಕದಂತೆ ಒಣಗಿಸಿದ ತಿಳಿ ಮಾಲ್ಟ್‌ನಿಂದ. ಅದಕ್ಕೂ ಮೊದಲೇ, 1833ರಲ್ಲಿ, ಮ್ಯೂನಿಕ್‌ನ ಗೇಬ್ರಿಯಲ್ ಸೆಡ್ಲ್‌ಮೈರ್ ಮತ್ತು ವಿಯೆನ್ನಾದ ಆಂಟನ್ ಡ್ರೇಯರ್ ಬ್ರಿಟನ್ನಿನ ಬ್ರೂವರಿಗಳನ್ನು ಸುತ್ತಿ, ಟೊಳ್ಳು ಊರುಗೋಲಿನಲ್ಲಿ ಕದ್ದು ಸ್ಯಾಂಪಲ್ ತುಂಬಿಕೊಂಡು ಹೋಗಿದ್ದರು. ಕೊಡುಕೊಳ್ಳುವಿಕೆ ಎರಡೂ ಕಡೆಯದು.

ಈಗ ಗ್ಲಾಸು. ಪಬ್ಬಿನ ದೊಡ್ಡ ಪೈಂಟ್ ಗ್ಲಾಸ್ ಬೇಡ. ಬಾಯಿ ಸ್ವಲ್ಪ ಕಿರಿದಾದ 200–250 ಮಿಲಿಯ ಗ್ಲಾಸಿಗೆ 80–100 ಮಿಲಿ ಸಾಕು. ಗ್ಲಾಸಿನಲ್ಲಿ ಹಾಲಿನ, ಎಣ್ಣೆಯ, ಪಾತ್ರೆ ತೊಳೆಯುವ ಲಿಕ್ವಿಡ್‌ನ ಪಸೆ ಉಳಿದಿದ್ದರೆ ನೊರೆ ನಿಲ್ಲುವುದಿಲ್ಲ, ಪಾಪ ಬಿಯರ್‌ನ ತಲೆಗೆ ಬರುತ್ತದೆ. ಒದ್ದೆ ಗ್ಲಾಸಿನ ಒಳಗೆ ಪುಡಿ ಉಪ್ಪು ಉದುರಿಸಿ ನೋಡಿ. ಎಲ್ಲೆಡೆ ಸಮನಾಗಿ ಅಂಟಿದರೆ ಚೊಕ್ಕಟ, ಅಲ್ಲಲ್ಲಿ ಬೋಳು ಬಿಟ್ಟರೆ ಜಿಡ್ಡಿದೆ. ಬಿಯರ್ ಸುರಿದ ಮೇಲೆ ಗಾಜಿನ ಗೋಡೆಗೆ ಗುಳ್ಳೆಗಳು ಅಂಟಿಕೊಂಡೇ ನಿಂತರೂ ಅದೇ ಅರ್ಥ. ಪರೀಕ್ಷೆ ಮುಗಿದ ಮೇಲೆ ಗ್ಲಾಸನ್ನು ಚೆನ್ನಾಗಿ ತೊಳೆಯಲು ಮರೆಯಬೇಡಿ. ಕೂಟಕ್ಕೆ ಒಂದು ಗಂಟೆ ಮೊದಲಿನಿಂದ ಕಾಫಿ, ಪುದೀನ, ಮೆಣಸಿನಕಾಯಿ, ಎಲೆ-ಅಡಿಕೆ ದೂರವಿಡಿ. ಬಿಯರ್‌ಗಳ ನಡುವೆ ಸಪ್ಪೆ ಬ್ರೆಡ್ಡು, ತಣ್ಣಗಿಲ್ಲದ ನೀರು. ಉಪ್ಪಿನ ಬಿಸ್ಕತ್ತು ಬೇಡ, ಉಪ್ಪು ಕಹಿಯನ್ನು ಮುಚ್ಚುತ್ತದೆ.

ನೇರವಾಗಿ ನಡುಗ್ಲಾಸಿಗೆ ಸುರಿದು ಎರಡು ಬೆರಳು ನೊರೆ ಎಬ್ಬಿಸಿ. ಕಣ್ಣಿನ ಕೆಲಸಕ್ಕೆ ಮೊದಲೇ ಮೂಗಿನ ಕೆಲಸ, ಏಕೆಂದರೆ ಗಂಧಕದ ವಾಸನೆ ಮೊದಲ ಅರ್ಧ ನಿಮಿಷದಲ್ಲೇ ಹಾರಿಹೋಗುತ್ತದೆ. ಉದ್ದನೆ ಎಳೆಯಬೇಡಿ, ನಾಯಿ ಮೂಸುವಂತೆ ಗಿಡ್ಡ ಗಿಡ್ಡ ಮೂರು ಉಸಿರು. ಆಮೇಲೆ ಅಂಗೈ ಮುಚ್ಚಿ ಗ್ಲಾಸ್ ತಿರುಗಿಸಿ, ತೆರೆದು ಮತ್ತೆ ಮೂಸಿ. ಬೆಂಕಿಕಡ್ಡಿ ಗೀರಿದಾಗ ಬರುವಂಥ ಎಳೆ ಗಂಧಕ ಬಂದು ಮಾಯವಾದರೆ ಲಾಗರ್ ಯೀಸ್ಟ್‌ಗೆ ಅದು ಸಹಜ, ಅಂಕ ಕಡಿಯಬೇಡಿ. ಕೊಳೆತ ಮೊಟ್ಟೆಯ ನಾತ ಐದು ನಿಮಿಷ ಕಳೆದರೂ ಕೂತಿದ್ದರೆ, ಬಿಯರ್ ಪೂರ್ತಿ ಮಾಗುವ ಮೊದಲೇ ಕ್ಯಾನಿಗೆ ಇಳಿದಿದೆ.

ಒಳ್ಳೆಯ ವಾಸನೆಗೂ ಹೆಸರು ಬೇಕು. ‘ಕ್ಲೀನ್’ ಎಂದಷ್ಟೇ ಬರೆದರೆ ಏನೂ ಬರೆದಂತಾಗಲಿಲ್ಲ. ಹೆಲ್ಲೆಸ್‌ನಲ್ಲಿ ಹುಡುಕಬೇಕಾದ್ದು ಬನ್ನಿನ ಒಳಮೈ, ಹಸಿ ಹಿಟ್ಟು, ತುಸು ಜೇನು. ಮ್ಯೂನಿಕ್ ಮಾಲ್ಟ್ ಬೆರೆಸಿದ್ದರೆ ರಾಗಿ ಹುರಿಹಿಟ್ಟಿನ ದಾರಿಯಲ್ಲಿ ಒಂದು ಹೆಜ್ಜೆ. ಪಿಲ್ಸ್‌ನಲ್ಲಿ ಹಾಪ್ಸ್ ಹೂವಿನದು: ಒಣಹುಲ್ಲು, ಕರಿಮೆಣಸು, ನಿಂಬೆಸಿಪ್ಪೆ, ಸೊಪ್ಪು ಹಿಸುಕಿದ ಹಸಿರು. ಮಾವಿನಹಣ್ಣೋ ಸೀಬೆಹಣ್ಣೋ ಢಾಳಾಗಿ ಬಂದರೆ ಅದು ಹೊಸ ಕಾಲದ ಹಾಪ್ಸ್ ತಣ್ಣಗೆ ನೆನೆಸಿದ್ದು. ಕೆಟ್ಟದ್ದೇನಲ್ಲ, ಆದರೆ ‘ಹೆಲ್ಲೆಸ್’ ಎಂದು ಬರೆದುಕೊಂಡು ಬಂದಿದ್ದರೆ ತಪ್ಪು.

ಮಬ್ಬಿನ ವಿಷಯ. ಕೆಲ್ಲರ್ ಎಂದರೆ ನೆಲಮಾಳಿಗೆಯ ತೊಟ್ಟಿಯಿಂದ ಸೋಸದೆ ತಂದದ್ದು ಎಂಬ ಅರ್ಥ, ಯೀಸ್ಟ್ ತೇಲುತ್ತಿರುವುದು ಸಹಜ. ನಿಮ್ಮ ಬಳಗದವರು ಮೆಚ್ಚಿದ್ದು ಬಹುಶಃ ಅಂಥದ್ದೇ. ತಣ್ಣಗಿದ್ದಾಗ ಮಬ್ಬು, ಬೆಚ್ಚಗಾದಂತೆ ತಿಳಿಯಾದರೆ ಅದು ಪ್ರೋಟೀನು-ಪಾಲಿಫಿನಾಲ್ ಅಂಟಿಕೊಂಡದ್ದು, ರುಚಿಗೆ ಬಾಧೆಯಿಲ್ಲ. ಮಬ್ಬಿನ ಜೊತೆ ಹುಳಿಮಜ್ಜಿಗೆಯ ಚುರುಕು ಬಂದರೆ ಮಾತ್ರ ಬ್ಯಾಕ್ಟೀರಿಯಾ ಸೇರಿದೆ. ಬಿಜೆಸಿಪಿ ಶೀಟಿನಲ್ಲಿ ನೋಟಕ್ಕೆ ಇರುವುದೇ 50ರಲ್ಲಿ 3 ಅಂಕ, ಅದರಲ್ಲೇ ಕಾಲ ಕಳೆಯಬೇಡಿ.

ಬಾಯಿಗೆ ಬಂದಾಗ ಒಂದು ಟೇಬಲ್ ಚಮಚದಷ್ಟು ತೆಗೆದುಕೊಂಡು ನಾಲಿಗೆಯ ತುಂಬ ಹರಡಿ, ನುಂಗಿ, ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಬಿಡಿ. ವೈನ್ ತೀರ್ಪುಗಾರರಂತೆ ಉಗುಳಬೇಡಿ: ಗಂಟಲಿನಿಂದ ಮೂಗಿಗೆ ಏರುವ ಹಿಂವಾಸನೆಯೂ, ನುಂಗಿದ ಮೇಲೆ ಉಳಿಯುವ ಕಹಿಯೂ ಇಲ್ಲಿ ಮುಖ್ಯ. ಎಂಟು ಹತ್ತು ಸ್ಯಾಂಪಲ್ ದಾಟಿದ ಮೇಲೆ ಯಾರ ನಾಲಿಗೆಯೂ ನಂಬಿಕೆಗೆ ಅರ್ಹವಲ್ಲ. ಕೂಟಕ್ಕೆ ಕಾರು ತರಬೇಡಿ ಎಂದು ಬೇರೆ ಹೇಳಬೇಕಿಲ್ಲ.

ಕಹಿಯಲ್ಲಿ ಕನ್ನಡದ ನಾಲಿಗೆಗೆ ಒಂದು ಅನುಕೂಲವಿದೆ. ಇಂಗ್ಲಿಷಿನಲ್ಲಿ ಕುಡಿಯುವವರು ‘ಬಿಟರ್’ ಎಂಬ ಒಂದೇ ಪದದಡಿ ಎರಡು ಬೇರೆ ಸಂಗತಿಗಳನ್ನು ತುರುಕುವುದು ಸಾಮಾನ್ಯ. ನಮಗೆ ಹಾಗಲಕಾಯಿ ಕಹಿ, ಅಡಿಕೆ ಒಗರು. ಹಾಪ್ಸ್‌ನಿಂದ ಬರಬೇಕಾದ್ದು ಕಹಿ. ಅದು ನಾಲಿಗೆಯ ಹಿಂಭಾಗದಲ್ಲಿ ಎದ್ದು, ನುಂಗಿದ ಹತ್ತು ಹದಿನೈದು ಸೆಕೆಂಡಿನಲ್ಲಿ ಇಳಿದು, ಇನ್ನೊಂದು ಗುಟುಕು ಬೇಕೆನಿಸಬೇಕು. ನೇರಳೆಹಣ್ಣು ತಿಂದಮೇಲೆ ಆಗುವಂತೆ ಒಸಡು, ಕೆನ್ನೆಯ ಒಳಮೈ ಬಿಗಿದುಕೊಂಡರೆ ಅದು ಒಗರು, ಲಾಗರ್‌ನಲ್ಲಿ ಅದು ದೋಷ. ಕಾರಣ ಹೆಚ್ಚಾಗಿ ನೀರು. ಪ್ಲೆಜೆನ್‌ನ ನೀರು ಬಲು ಮೃದು. ಲಂಡನ್ನಿನ ನೀರಿನಲ್ಲಿ ಸುಣ್ಣದ ಕಾರ್ಬೊನೇಟು ಹೆಚ್ಚು, ಬರ್ಟನ್ ಅಪಾನ್ ಟ್ರೆಂಟ್‌ನ ನೀರಿನಲ್ಲಿ ಜಿಪ್ಸಮ್‌ನ ಸಲ್ಫೇಟು ಹೆಚ್ಚು. ಕಾರ್ಬೊನೇಟನ್ನು ಆಮ್ಲ ಹಾಕಿಯೋ ಆರ್‌ಒ ನೀರು ಬೆರೆಸಿಯೋ ತಗ್ಗಿಸದಿದ್ದರೆ ಮಾಲ್ಟ್ ನೆನೆಹಾಕಿದ ತೊಟ್ಟಿಯ ಪಿಎಚ್ ಏರಿ, ಹೊಟ್ಟಿನ ಟ್ಯಾನಿನ್ ಬಿಯರ್‌ಗೆ ಇಳಿಯುತ್ತದೆ. ಮಾಲ್ಟನ್ನು ಕೊನೆಗೆ ತೊಳೆಯುವ ನೀರು ವಿಪರೀತ ಬಿಸಿಯಾದರೂ ಅದೇ ಗತಿ. ಸಲ್ಫೇಟ್ ಹೆಚ್ಚಾದರೆ ಕಹಿ ಚೂಪಾಗಿ ಕೆರೆಯುತ್ತದೆ. ಏಲ್‌ನಲ್ಲಿ ಅದು ಬರ್ಟನ್ನಿನ ಹೆಗ್ಗಳಿಕೆ, ಹೆಲ್ಲೆಸ್‌ನಲ್ಲಿ ತೊಡಕು. ಸ್ಕೋರ್‌ಶೀಟಿನಲ್ಲಿ ಕಹಿ, ಒಗರು ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ನಿಮ್ಮ ಬಳಗದಲ್ಲಿ ಬಹಳ ಮಂದಿ ಮಾಡದ ಕೆಲಸ ಅದು.

ಗ್ಯಾಸಿನ ಬಗ್ಗೆ ಚಿಕ್ಕದಾಗಿ. ಲಾಗರ್‌ಗೆ ಸಾಮಾನ್ಯವಾಗಿ 2.4–2.6 ವಾಲ್ಯೂಮ್ (ಬಿಯರ್‌ನ ಗಾತ್ರದ ಅಷ್ಟು ಪಟ್ಟು) ಕಾರ್ಬನ್ ಡೈಆಕ್ಸೈಡ್, ಕಾಸ್ಕ್‌ನಲ್ಲಿ ಅದರ ಅರ್ಧಕ್ಕಿಂತ ತುಸು ಕಡಿಮೆ. ಚುಚ್ಚುವ ಗ್ಯಾಸು ಕಹಿಯನ್ನು ಹೆಚ್ಚಿಸಿ ತೋರಿಸುತ್ತದೆ, ಹೊಟ್ಟೆಯನ್ನೂ ಉಬ್ಬಿಸುತ್ತದೆ. ಕರಿ ಹೌಸಿನ (ಬ್ರಿಟನ್ನಿನ ಭಾರತೀಯ ಹೋಟೆಲಿನ) ಊಟಕ್ಕೆ ಗ್ಯಾಸು ಕಡಿಮೆಯ ಲಾಗರ್ ಬೇಕೆಂಬ ಲೆಕ್ಕಾಚಾರದಲ್ಲಿ ಕರಣ್ ಬಿಲಿಮೋರಿಯಾ ಶುರುಮಾಡಿದ ಕೋಬ್ರಾ 1990ರಲ್ಲಿ ಮೊದಲು ತಯಾರಾಗಿ ಬ್ರಿಟನ್ನಿಗೆ ಹೋದದ್ದು ಬೆಂಗಳೂರಿನ ಮೈಸೂರ್ ಬ್ರೂವರೀಸ್‌ನಿಂದ. ಆಮೇಲೆ ತಯಾರಿಕೆ ಇಂಗ್ಲೆಂಡಿಗೇ ಸ್ಥಳಾಂತರವಾಯಿತು.

ಈಗ ನಿಮ್ಮ ಬೆಣ್ಣೆ. ಯೀಸ್ಟ್ ಬೆಳೆಯುವಾಗ ಆಲ್ಫಾ-ಅಸಿಟೋಲ್ಯಾಕ್ಟೇಟ್ ಎಂಬ ವಸ್ತು ಅದರ ಕೋಶದಿಂದ ಹೊರಗೆ ಸೋರುತ್ತದೆ. ಅದು ಬಿಯರ್‌ನಲ್ಲಿ ತಾನಾಗಿಯೇ, ನಿಧಾನವಾಗಿ, ಡಯಾಸಿಟೈಲ್ ಆಗಿ ಮಾರ್ಪಡುತ್ತದೆ. ಆರೋಗ್ಯವಾಗಿರುವ ಯೀಸ್ಟ್ ಆ ಡಯಾಸಿಟೈಲನ್ನು ಮತ್ತೆ ಹೀರಿಕೊಂಡು ವಾಸನೆಯಿಲ್ಲದ ವಸ್ತುವನ್ನಾಗಿ ಮಾಡುತ್ತದೆ. ಏಲ್‌ನಲ್ಲಿ ಬೆಚ್ಚಗಿರುವುದರಿಂದ ಇದೆಲ್ಲ ಬೇಗ ಮುಗಿಯುತ್ತದೆ. ಲಾಗರ್‌ನ 10 ಡಿಗ್ರಿಯಲ್ಲಿ ಮಾರ್ಪಾಡು ತೆವಳುತ್ತದೆ. ಅದಕ್ಕೇ ಹುದುಗು ಮುಗಿಯುವ ಹೊತ್ತಿಗೆ 15–16 ಡಿಗ್ರಿಗೆ ಏರಿಸಿ ಎರಡು ಮೂರು ದಿನ ಬಿಡುವುದು ವಾಡಿಕೆ. ತೊಟ್ಟಿ ಖಾಲಿ ಮಾಡುವ ಆತುರದಲ್ಲಿ ಅದನ್ನು ಹಾರಿಸಿ, ತಣಿಸಿ, ಸೋಸಿಬಿಟ್ಟರೆ ಮೂಲವಸ್ತು ಬಿಯರ್‌ನಲ್ಲೇ ಉಳಿಯಿತು, ಹೀರಿಕೊಳ್ಳುವ ಯೀಸ್ಟ್ ಹೋಯಿತು. ಬ್ರೂವರಿಯಲ್ಲಿ ತಣ್ಣಗೆ ಕುಡಿದಾಗ ಚೆನ್ನಾಗಿದ್ದ ಬಿಯರ್ ಅಂಗಡಿಯ ಬೆಚ್ಚನೆ ಕಪಾಟಿನಲ್ಲಿ ಬೆಣ್ಣೆಯಾಗುವುದು ಹೀಗೆ. ಒಂದು ಲಾಗರ್ ನಾಲ್ಕರಿಂದ ಆರು ವಾರ ತೊಟ್ಟಿ ಹಿಡಿಯುತ್ತದೆ, ಅಷ್ಟರಲ್ಲಿ ಎರಡು ಮೂರು ಏಲ್ ಇಳಿಸಬಹುದು. ಸಣ್ಣ ಬ್ರೂವರಿಯ ಆತುರಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ.

ಇದರ ಗುರುತು ವಾಸನೆಯಷ್ಟೇ ಅಲ್ಲ. ನುಂಗಿದ ಮೇಲೆ ಹಲ್ಲಿನ ಮೇಲೆ ನಾಲಿಗೆ ಆಡಿಸಿ: ಜಾರುವ ಜಿಡ್ಡು ಹತ್ತಿದಂತಿದ್ದರೆ ಡಯಾಸಿಟೈಲ್. ಲೀಟರಿಗೆ 0.1 ಮಿಲಿಗ್ರಾಂ ಸುತ್ತಮುತ್ತ ಬಹಳ ಮಂದಿಗೆ ಗೊತ್ತಾಗುತ್ತದೆ, ಕೆಲವರಿಗೆ ಅದರ ಹಲವು ಪಟ್ಟಿದ್ದರೂ ಗೊತ್ತಾಗುವುದಿಲ್ಲ. ಚೆಕ್ ಮಾದರಿಯಲ್ಲಿ ಸಣ್ಣ ಎಳೆ ಇದ್ದರೆ ಒಪ್ಪುತ್ತಾರೆ, ಕೆಲವು ಇಂಗ್ಲಿಷ್ ಏಲ್‌ಗಳಲ್ಲೂ ಒಪ್ಪುತ್ತಾರೆ. ಹೆಲ್ಲೆಸ್, ಜರ್ಮನ್ ಪಿಲ್ಸ್ ಎರಡರಲ್ಲೂ ಒಪ್ಪುವುದಿಲ್ಲ. ಪಬ್ಬಿನ ನಲ್ಲಿಯಿಂದ ಬಂದ ಬಿಯರ್ ಆದರೆ ಇನ್ನೊಂದು ಅನುಮಾನವೂ ಬೇಕು. ಪೈಪುಗಳನ್ನು ವಾರಕ್ಕೊಮ್ಮೆ ತೊಳೆಯದಿದ್ದರೆ ಒಳಗೆ ಬೆಳೆಯುವ ಬ್ಯಾಕ್ಟೀರಿಯಾವೂ ಇದೇ ಬೆಣ್ಣೆಯನ್ನು ಮಾಡುತ್ತದೆ, ಜೊತೆಗೆ ಹುಳಿಯನ್ನೂ. ಅದೇ ಬಿಯರ್‌ನ ಕ್ಯಾನು ತೆರೆದು ಹೋಲಿಸದೆ ಬ್ರೂವರಿಯ ಮೇಲೆ ತಪ್ಪು ಹೊರಿಸಬೇಡಿ.

ಮೆಕ್ಕೆಜೋಳ ಬೇಯಿಸಿದ ನೀರಿನ ವಾಸನೆ ಬಂದರೆ ಡಿಎಂಎಸ್ (ಡೈಮಿಥೈಲ್ ಸಲ್ಫೈಡ್). ಇದು ಏಲ್‌ನಿಂದ ಲಾಗರ್‌ಗೆ ಕೈಹಾಕಿದ ಬ್ರಿಟಿಷ್ ಬ್ರೂವರಿಗಳು ಎಡವಬಹುದಾದ ಜಾಗ. ಮಾರಿಸ್ ಆಟರ್‌ನಂಥ ಏಲ್ ಮಾಲ್ಟನ್ನು ಹೆಚ್ಚು ಶಾಖದಲ್ಲಿ ಒಣಗಿಸುವುದರಿಂದ ಡಿಎಂಎಸ್‌ನ ಮೂಲವಸ್ತು ಅಲ್ಲೇ ಬಹುಪಾಲು ಹೋಗಿರುತ್ತದೆ. ಪಿಲ್ಸ್ನರ್ ಮಾಲ್ಟ್‌ನಲ್ಲಿ ಅದು ಉಳಿದಿರುತ್ತದೆ. ಆದ್ದರಿಂದ ಮುಚ್ಚಳ ತೆರೆದು 60–90 ನಿಮಿಷ ಕೊತಕೊತ ಕುದಿಸಿ ಆವಿಯಲ್ಲಿ ಓಡಿಸಬೇಕು, ಕುದಿದ ಮೇಲೆ ಬೇಗ ತಣಿಸಬೇಕು. ಕುದಿ ನಿಂತ ಮೇಲೆ ಬಿಸಿಯಾಗಿಯೇ ಗಂಟೆಗಟ್ಟಲೆ ಕೂರಿಸಿದರೆ ಹೊಸದಾಗಿ ಹುಟ್ಟಿದ ಡಿಎಂಎಸ್ ಹೊರಹೋಗಲು ದಾರಿಯಿಲ್ಲ. ಹಸಿ ಸೇಬಿನ ವಾಸನೆ ಅಸಿಟಾಲ್ಡಿಹೈಡ್, ಹುದುಗು ಪೂರ್ತಿಯಾಗಿಲ್ಲ. ಬಾಳೆಹಣ್ಣು ಬಂದರೆ ಹುದುಗಿಸುವಾಗ ಬೆಚ್ಚಗಾಗಿದೆ, ಅಥವಾ ಯೀಸ್ಟ್ ಸಾಲದೇ ಹೋಗಿದೆ. ಮಾರ್ಮೈಟ್ (ಬ್ರೆಡ್ಡಿಗೆ ಸವರುವ ಯೀಸ್ಟ್ ಪೇಸ್ಟ್) ಡಬ್ಬಿ ತೆರೆದಂತೆ ಮಾಂಸದ ಸಾರಿನ ವಾಸನೆ ಬಂದರೆ ಯೀಸ್ಟ್ ತೊಟ್ಟಿಯಲ್ಲೇ ಸತ್ತು ಒಡೆದಿದೆ.

ಹಳಸಿದ್ದು ಬೇರೆಯೇ ಕಥೆ, ಅದರಲ್ಲಿ ಬ್ರೂವರಿಯ ಪಾಲು ಎಷ್ಟೋ ಅಂಗಡಿಯ ಪಾಲೂ ಅಷ್ಟೇ. ಒದ್ದೆ ರಟ್ಟಿನ ವಾಸನೆ, ಜೇನು ಹಳತಾದಂಥ ಸಿಹಿ, ಮಂಕಾದ ಹಾಪ್ಸ್: ಆಮ್ಲಜನಕ ತಾಗಿದೆ. 32 ಡಿಗ್ರಿಯಲ್ಲಿ 3 ದಿನ, 22ರಲ್ಲಿ 30 ದಿನ, 3ರಲ್ಲಿ 300 ದಿನ, ಈ ಮೂರೂ ಬಿಯರ್‌ಗೆ ಮಾಡುವ ಹಾನಿ ಸರಿಸುಮಾರು ಸಮ ಎಂಬ ಒರಟು ಲೆಕ್ಕ ಬ್ರೂವರಿಗಳಲ್ಲಿ ಚಾಲ್ತಿಯಲ್ಲಿದೆ. ಕ್ಯಾನಿನ ತಳದಲ್ಲಿ ತುಂಬಿಸಿದ ದಿನಾಂಕ ಇದ್ದರೆ ಮೂರು ತಿಂಗಳ ಒಳಗಿನದನ್ನು ಆರಿಸಿ. ಇನ್ನು ಹಸಿರು ಅಥವಾ ಬಿಳಿ ಬಾಟಲಿ ಬಿಸಿಲು ಕಂಡರೆ ಹಾಪ್ಸ್‌ನ ಕಹಿ ಒಡೆದು ಸ್ಕಂಕ್ ಎಂಬ ಪ್ರಾಣಿಯದ್ದರಂಥ ನಾತ ಹುಟ್ಟುತ್ತದೆ. ಪಬ್ಬಿನ ಹಿತ್ತಲ ತೋಟದಲ್ಲಿ ಬಿಸಿಲಿಗೆ ಇಟ್ಟ ಗ್ಲಾಸಿನಲ್ಲೂ ಕೆಲವೇ ನಿಮಿಷದಲ್ಲಿ ಆಗುತ್ತದೆ.

ಇವನ್ನೆಲ್ಲ ಓದಿ ಕಲಿಯಲಾಗದು. ಒಂದೇ ಬ್ರ್ಯಾಂಡಿನ, ಸೌಮ್ಯವಾದ ಲಾಗರ್‌ನ ಆರು ಕ್ಯಾನು ತನ್ನಿ. ಒಂದು ಗ್ಲಾಸಿಗೆ ಡಬ್ಬಿ ಸ್ವೀಟ್‌ಕಾರ್ನ್‌ನ ನೀರು ಅರ್ಧ ಟೀಚಮಚ. ಇನ್ನೊಂದಕ್ಕೆ ಹತ್ತು ನಿಮಿಷ ನೆನೆಸಿದ ಕಡಕ್ ಟೀ ಡಿಕಾಕ್ಷನ್ ಒಂದು ಟೀಚಮಚ, ಒಗರು ಗೊತ್ತಾಗಲು. ಮತ್ತೊಂದಕ್ಕೆ ಬನಾನಾ ಎಸೆನ್ಸ್‌ನಲ್ಲಿ ಅದ್ದಿದ ಕಡ್ಡಿಯ ತುದಿ. ಒಂದು ಕ್ಯಾನನ್ನು ಎರಡು ವಾರ ರೇಡಿಯೇಟರ್ ಪಕ್ಕದಲ್ಲಿಟ್ಟರೆ ರಟ್ಟು ಸಿದ್ಧ. ಬಿಸಿಲಿನ ನಾತಕ್ಕೆ ಹಸಿರು ಬಾಟಲಿಯೊಂದನ್ನು ಅರ್ಧ ಗಂಟೆ ಕಿಟಕಿಯಲ್ಲಿಡಿ. ಡಯಾಸಿಟೈಲ್‌ಗೆ ಬೆಣ್ಣೆ ಎಸೆನ್ಸ್ ನಂಬಬೇಡಿ, ಎಲ್ಲದರಲ್ಲೂ ಅದು ಇರುವುದಿಲ್ಲ. ತರಬೇತಿಗೆಂದೇ ಮಾರುವ ಕ್ಯಾಪ್ಸೂಲ್ ಬಳಗದವರು ಹಂಚಿಕೊಂಡು ಕೊಳ್ಳಬಹುದು. ನಂತರ ತ್ರಿಕೋನ ಪರೀಕ್ಷೆ: ಮೂರು ಗ್ಲಾಸು, ಎರಡರಲ್ಲಿ ಒಂದೇ ಬಿಯರ್, ಮೂರನೆಯದು ಬೇರೆ, ಬೇರೆಯದು ಯಾವುದೆಂದು ಹೇಳಬೇಕು. ಕಣ್ಣುಮುಚ್ಚಿ ಊಹಿಸಿದರೂ ಮೂರಕ್ಕೊಂದು ಸರಿಯಾಗುತ್ತದೆ, ಹಾಗಾಗಿ ಆರು ಸುತ್ತಿನಲ್ಲಿ ನಾಲ್ಕು ಸರಿಯಾದರೆ ಹಿಗ್ಗಬೇಡಿ. ಐದು ಬಂದರೆ ನಿಮ್ಮ ನಾಲಿಗೆ ವ್ಯತ್ಯಾಸ ಹಿಡಿಯುತ್ತಿದೆ ಎನ್ನಬಹುದು.

ಕೂಟದ ದಿನ ಗ್ಲಾಸುಗಳ ಸಾಲು ಹೆಲ್ಲೆಸ್‌ನಿಂದ ಶುರುವಾಗಿ, ಪಿಲ್ಸ್ ಆಮೇಲೆ, ಹಾಪ್ಸ್ ನೆನೆಸಿದ್ದು ಕೊನೆಗೆ ಬರಲಿ. ಪಿಲ್ಸ್ ಕುಡಿದ ಬಾಯಿಗೆ ಹೆಲ್ಲೆಸ್ ಪಾನಕದಂತಿರುತ್ತದೆ. 3.4%ನ ಲಾಗರ್ ಬಂದರೆ ಮೈ ತೆಳುವೆಂದು ತಕ್ಷಣ ಕಡಿಯಬೇಡಿ. 2023ರ ಆಗಸ್ಟ್‌ನಿಂದ ಬ್ರಿಟನ್ನಿನಲ್ಲಿ 3.5%ಕ್ಕಿಂತ ಕೆಳಗಿನ ಬಿಯರ್‌ಗೆ ತೆರಿಗೆ ಕಡಿಮೆ, ಉದ್ದೇಶಪೂರ್ವಕವಾಗಿ ಅಷ್ಟಕ್ಕೇ ಇಳಿಸಿದವು ಬಹಳ ಇವೆ.

ಬಿಜೆಸಿಪಿ ಶೀಟಿನ ಅಂಕಗಳ ಹಂಚಿಕೆ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಂದಕ್ಕೆ 10. ನಿಮ್ಮ ಬಟರ್‌ಸ್ಕಾಚ್ ಬಿಯರ್ ಹೆಲ್ಲೆಸ್ ಎಂದು ಬಂದಿದ್ದರೆ ಶೀಟು ಹೆಚ್ಚುಕಡಿಮೆ ಹೀಗಿರಬೇಕಿತ್ತು: ‘ವಾಸನೆ: ಬನ್ನಿನ ಮಾಲ್ಟ್ ಮಧ್ಯಮ, ಹಾಪ್ಸ್ ಎಳೆಯಷ್ಟು. 7 ಡಿಗ್ರಿಯಲ್ಲಿ ಬೆಣ್ಣೆ ಸಣ್ಣಗೆ, 11ರಲ್ಲಿ ಸ್ಪಷ್ಟ, 6. ನೋಟ: ತಿಳಿ ಹೊನ್ನು, ನೊರೆ ನಾಲ್ಕು ನಿಮಿಷ, 3. ರುಚಿ: ಮಾಲ್ಟ್ ಚೆನ್ನಾಗಿದೆ, ಕಹಿ ಹದ, ಮುಕ್ತಾಯದಲ್ಲಿ ಬಟರ್‌ಸ್ಕಾಚ್ ಮಾಲ್ಟನ್ನು ಮುಚ್ಚುತ್ತದೆ, 10. ಬಾಯಿ: ಜಿಡ್ಡು, ಒಗರಿಲ್ಲ, 3. ಒಟ್ಟು: ಮೂಲ ಪಾಕ ಸರಿಯಿದೆ, ತಣಿಸುವ ಮುನ್ನ 15 ಡಿಗ್ರಿಯಲ್ಲಿ ಇನ್ನೆರಡು ದಿನ ಬಿಡಿ, 5.’ ಒಟ್ಟು 27, ಅಂದರೆ 21ರಿಂದ 29ರ ‘ಗುಡ್’ ವರ್ಗ. ಅದೇ ಬಿಯರ್ ಚೆಕ್ ಮಾದರಿ ಎಂದು ಬಂದು, ಬೆಣ್ಣೆ ಬೆಚ್ಚಗಾದ ಮೇಲೂ ಎಳೆಯಷ್ಟೇ ಇದ್ದಿದ್ದರೆ 35ರ ಮೇಲೆ ಕೊಡಲು ಅಡ್ಡಿಯಿರಲಿಲ್ಲ.

ಮುಂದಿನ ಸಲ ಅನುಮಾನ ಬಂದರೆ ಮುಚ್ಚಳವಿರುವ ಗಾಜಿನ ಡಬ್ಬಿ ಎರಡು ತೆಗೆದುಕೊಂಡು ಹೋಗಿ. ಎರಡಕ್ಕೂ ಬಿಯರ್ ಕಾಲು ಭಾಗ ತುಂಬಿಸಿ, ಒಂದನ್ನು ಮುಚ್ಚಳ ಸಡಿಲಬಿಟ್ಟು 60–65 ಡಿಗ್ರಿ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಡಿ, ತಣ್ಣೀರಿನಲ್ಲಿ ಆರಿಸಿ, ಎರಡನ್ನೂ ಪಕ್ಕಪಕ್ಕದಲ್ಲಿ ಮೂಸಿ. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆ ಬಂದರೆ ಮೂಲವಸ್ತು ಇನ್ನೂ ಒಳಗಿದೆ, ಆ ಬ್ಯಾಚಿನ ಉಳಿದ ಕ್ಯಾನುಗಳನ್ನು ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸುವುದೇ ಲೇಸು. ಎರಡರಲ್ಲೂ ಬಂದರೆ ಡಯಾಸಿಟೈಲ್ ಆಗಲೇ ತಯಾರಾಗಿ ಕೂತಿದೆ.